ಹೆಣ್ಣುಮಕ್ಕಳೂ ಭಾರವೆತ್ತುವ ಸಾಧನೆಯೂ

ಸಂಸ್ಕೃತವನ್ನು ಅಭ್ಯಾಸ ಮಾಡುವವರು ಬಾಲ್ಯದಲ್ಲಿಯೇ ಅಮರಕೋಶವನ್ನು ಬಾಯಿಪಾಠ ಮಾಡುವರಷ್ಟೆ. ಅದರಲ್ಲಿ ಸ್ತ್ರೀಯ ಪರ್ಯಾಯನಾಮಗಳೊಳಗೆ ‘ಅಬಲಾ’ ಎಂಬದೂ ಒಂದು. ಬಲವಿಲ್ಲದವಳು ಎಂಬದೇ ಅದರ ಅರ್ಥ. ಈ ಹೆಸರನ್ನು ಇಟ್ಟವರು ನಮ್ಮ ಸೀಮೆಯ ಒಕ್ಕಲಗಿತ್ತಿಯನ್ನು ನೋಡಿರಲಿಲ್ಲವೆಂದು ತೋರುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹೊಲಗಳಲ್ಲಿ ಮೇವಿನ ಹೊರೆಯನ್ನು ತಲೆಯ ಮೇಲೆ ಹೊತ್ತು ಬದುವಿನ ಮೇಲೆ ನಡೆಯುವವಳು ಅಬಲೆಯಾದರೆ, ಸಬಲರೆನ್ನಬೇಕಾದದ್ದು ಯಾರನ್ನು?

ಆದರೆ ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಭಾರ ಹೊರುವದು ಬೇರೆ, ಬಲವನ್ನು ಸಾಧಿಸುವದು ಬೇರೆ. ಹೊರೆಯು ದೇಹದ ಶಕ್ತಿಯನ್ನು ಕೇಳಿ ಬರುವದಿಲ್ಲ; ಹೊಲ ಬೇಡಿದಷ್ಟು ಹೊರಬೇಕು, ದಣಿದ ದಿನವೂ ಹೊರಬೇಕು. ಅದರಿಂದ ಮೈ ಬಲಿಯುವದಕ್ಕಿಂತ ಸವೆಯುವದೇ ಹೆಚ್ಚು. ಇತ್ತ ಪೇಟೆಯ ಮನೆಗಳಲ್ಲಿ ಬೀಸುವ ಕಲ್ಲು, ಒನಕೆ, ಬಾವಿಯ ಹಗ್ಗ ಮೂರೂ ಹೋಗಿ ಗಿರಣಿ, ಮಿಕ್ಸರು, ನಳಗಳು ಬಂದವು. ಒಳ್ಳೆಯದೇ ಆಯಿತು, ಆ ಕಷ್ಟವನ್ನು ಮರಳಿ ತರಬೇಕೆಂದು ಯಾರೂ ಹೇಳಲಾರರು. ಆದರೆ ಕಷ್ಟದೊಡನೆ ತೋಳು ಬೆನ್ನುಗಳ ದುಡಿಮೆಯೂ ಹೋಯಿತು. ಅದರ ಸ್ಥಾನಕ್ಕೆ ಬೇರೊಂದು ಬರಲಿಲ್ಲ. ಹೊಲದವಳಿಗೂ ಪೇಟೆಯವಳಿಗೂ ಇಂದು ಬೇಕಾದದ್ದು ಅಳತೆಯುಳ್ಳ ಭಾರ. ಬಾರ್‌ಬೆಲ್ ಎಂಬ ಸಾಧನದ ಗುಣವೆಲ್ಲ ಈ ಅಳತೆಯಲ್ಲಿಯೇ ಇರುವದು.

ಇದು ಗರಡಿಮನೆಯ ವಸ್ತುವೆಂದು ಮೂಗು ಮುರಿಯುವವರುಂಟು. ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲೆತ್ತುವವರು ಗಂಡಸರೇ ಆದದ್ದರಿಂದ ಈ ಭಾವನೆ ಬೇರೂರಿರಬಹುದು. ಜಗತ್ತೂ ಬಹುಕಾಲ ಹೀಗೆಯೇ ತಿಳಿದಿತ್ತು. 1896ರ ಒಲಿಂಪಿಕ್ ಕೂಟದಲ್ಲಿಯೇ ಪುರುಷರ ಭಾರವೆತ್ತುವ ಪಂದ್ಯವಿತ್ತು. ಸ್ತ್ರೀಯರಿಗೆ ಆ ಬಾಗಿಲು ತೆರೆದದ್ದು 2000ದ ಸಿಡ್ನಿ ಕೂಟದಲ್ಲಿ. ಆ ಮೊದಲ ಸಲವೇ ಆಂಧ್ರದ ಕರ್ಣಂ ಮಲ್ಲೇಶ್ವರಿಯವರು ಒಟ್ಟು 240 ಕಿಲೋ ಎತ್ತಿ ಕಂಚಿನ ಪದಕವನ್ನು ತಂದರು. ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರೇ. ನಮ್ಮ ಬೆಳಗಾವಿಯ ಸಮೀಪದ ತುರಮುರಿಯ ಮಲಪ್ರಭಾ ಜಾಧವ ಅವರು 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕುರಾಶ್ ಎಂಬ ಕುಸ್ತಿಯಲ್ಲಿ ಕಂಚು ಗೆದ್ದರು.

ಪದಕ ಎಲ್ಲರಿಗೂ ಬೇಕಾಗಿಲ್ಲ. ಗಟ್ಟಿ ಎಲುಬು ಮಾತ್ರ ಎಲ್ಲರಿಗೂ ಬೇಕು. ಮುಟ್ಟು ನಿಂತ ತರುವಾಯದ ಕೆಲವು ವರ್ಷಗಳಲ್ಲಿ ಹೆಣ್ಣಿನ ಎಲುಬು ಬೇಗ ಸವಕಳಿಯಾಗುವದು. ಬಚ್ಚಲಲ್ಲಿ ಜಾರಿ ಬಿದ್ದು, ತೊಡೆಯ ಎಲುಬು ಮುರಿದು ಹಾಸಿಗೆ ಹಿಡಿದ ಅಜ್ಜಿಯಂದಿರು ಯಾವ ಓಣಿಯಲ್ಲಿಲ್ಲ? ಎಲುಬು ತೆಳ್ಳಗಾದ ನೂರಕ್ಕೆ ಮೇಲ್ಪಟ್ಟ ಮಹಿಳೆಯರು ಪಾಲ್ಗೊಂಡ ಆಸ್ಟ್ರೇಲಿಯಾದ ಒಂದು ಪ್ರಯೋಗವು 2018ರಲ್ಲಿ ಪ್ರಕಟವಾಯಿತು. ಅವರೊಳಗೆ ವಾರಕ್ಕೆ ಎರಡು ಸಲ, ಅರ್ಧ ಗಂಟೆಯಂತೆ ಎಂಟು ತಿಂಗಳು ಶಿಕ್ಷಕರ ಕಣ್ಣೆದುರಿನಲ್ಲಿ ಭಾರವೆತ್ತಿದವರ ಬೆನ್ನೆಲುಬು ಗಟ್ಟಿಯಾದದ್ದು ಕಂಡುಬಂದಿತು. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2020ರಲ್ಲಿ ಹೇಳಿದೆ.

ಇನ್ನು ಸಾಮಾನು ಕೊಳ್ಳುವ ವಿಚಾರ. ಪಂದ್ಯಗಳಲ್ಲಿ ಪುರುಷರ ದಂಡವು 20 ಕಿಲೋ ತೂಕದ್ದು, 28 ಮಿಲಿಮೀಟರ ದಪ್ಪ. ಸ್ತ್ರೀಯರದು 15 ಕಿಲೋ, 25 ಮಿಲಿಮೀಟರ. ಮೂರು ಮಿಲಿಮೀಟರಿನ ಅಂತರ ಅಲ್ಪವೆಂದು ತೋರಿದರೂ ಚಿಕ್ಕ ಕೈಗೆ ಅದು ದೊಡ್ಡದೇ. ಆದುದರಿಂದ ಅಂಗಡಿಗೆ ಗಂಡಸರನ್ನಷ್ಟೇ ಕಳಿಸದೆ, ಎತ್ತುವವಳೇ ಹೋಗಿ ಹಿಡಿದು ನೋಡತಕ್ಕದ್ದು. ಆರಂಭಕ್ಕೆ 15 ಕಿಲೋ ಕೂಡ ಹೆಚ್ಚಾಗಬಹುದು. ಚಿಕ್ಕ ಕೋಣೆಗೆ ನಾಲ್ಕೈದು ಅಡಿಯ ಹಗುರು ದಂಡ ಸಾಕು. ತಂದ ಮೇಲೆ ಬರಿಯ ದಂಡವನ್ನೇ ಒಮ್ಮೆ ತೂಗಿ ಬರೆದಿಟ್ಟುಕೊಳ್ಳಬೇಕು. ಬಿಲ್ಲೆಗಳ ತೂತು ದಂಡದ ಅಳತೆಗೆ ಹೊಂದಬೇಕು. ದೊಡ್ಡ ಬಿಲ್ಲೆಗಳಿಗಿಂತ ಅರ್ಧ ಕಿಲೋ, ಒಂದೂಕಾಲು ಕಿಲೋದ ಚಿಕ್ಕವುಗಳೇ ಹೆಚ್ಚು ಉಪಯೋಗದವು. ಬಲವು ಬೆಳೆಯುವದು ಈ ಸಣ್ಣ ಮೆಟ್ಟಿಲುಗಳಿಂದ. ಬಿಲ್ಲೆ ಜಾರದಂತೆ ಬಿಗಿಯುವ ಕಾಲರು, ನೆಲಕ್ಕೊಂದು ರಬ್ಬರಿನ ಹಾಸು ಇರಲಿ. ಅಂಗಾತ ಮಲಗಿ ಎದೆಯ ಮೇಲಿಂದ ಎತ್ತುವ ಕ್ರಮವನ್ನು ಒಬ್ಬಂಟಿಯಾಗಿ ಸರ್ವಥಾ ಮಾಡಬಾರದು.

ಮೊದಲು ಒಂದು ಕೋಲನ್ನು ಹಿಡಿದು ರೀತಿಯನ್ನು ಕಲಿಯಬೇಕು, ಸಾಧ್ಯವಿದ್ದಲ್ಲಿ ತಿಳಿದವರಿಂದ. ಪಾದಗಳು ನೆಲಕ್ಕೆ ಭದ್ರವಾಗಿ, ಬೆನ್ನು ನೆಟ್ಟಗಾಗಿ, ದಂಡವು ಕಾಲಿಗೆ ಹತ್ತಿರವಾಗಿ ಇರಬೇಕು. ಸೆರಗನ್ನು ಬಿಗಿದು ಬಳೆಗಳನ್ನು ತೆಗೆದಿಡಬೇಕು, ಮಕ್ಕಳು ದೂರವಿರಬೇಕು. ವ್ಯಾಯಾಮವನ್ನು ಬಲದ ಅರ್ಧದಷ್ಟೇ ಮಾಡಬೇಕೆಂಬದು ಸುಶ್ರುತಾಚಾರ್ಯರ ನಿಯಮ. ಮನೆಯಲ್ಲಿ ಆರಂಭಿಸುವವಳಿಗೆ ಅದು ಇಂದಿಗೂ ಸಲ್ಲುವದು: ಇನ್ನೂ ಎರಡು ಮೂರು ಸಲ ಎತ್ತಬಲ್ಲೆನೆಂಬಾಗಲೇ ಕೆಳಗಿಡಬೇಕು. ಗರ್ಭಿಣಿಯರು, ಬಾಣಂತಿಯರು, ಗರ್ಭಕೋಶ ಜಾರಿದವರು, ರಕ್ತದೊತ್ತಡವುಳ್ಳವರು ವೈದ್ಯರನ್ನು ಕೇಳದೆ ತೊಡಗಬಾರದು.

ಹೊರಗಿನ ಕಬ್ಬಿಣಕ್ಕಿಂತ ಮೊದಲು ರಕ್ತದೊಳಗಿನ ಕಬ್ಬಿಣವನ್ನು ವಿಚಾರಿಸುವದು ಅವಶ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆಯಿತ್ತು. ನಮ್ಮ ಗೋಕಾಕದ ಕರದಂಟು ನಾಡಿಗೆಲ್ಲ ಪ್ರಸಿದ್ಧ. ಬಾಣಂತಿಗೆ ಅಂಟಿನುಂಡೆ ಮಾಡಿಕೊಡುವ ವಾಡಿಕೆಯೂ ಉಂಟು. ಹೆಣ್ಣಿಗೆ ಪುಷ್ಟಿ ಬೇಕೆಂಬ ತಿಳಿವಳಿಕೆ ನಮ್ಮ ಮನೆಗಳಲ್ಲಿ ಇಲ್ಲದೇ ಇಲ್ಲ. ಆದರೆ ಬಾಣಂತನ ಮುಗಿಯುತ್ತಲೇ ಆಕೆ ಪುನಃ ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವವಳಾಗುವಳು. ಹೀಗೆ ಉಣ್ಣುವವಳ ಕೈಗೆ ದಂಡವನ್ನು ಕೊಟ್ಟರೆ ಅದೂ ಒಂದು ಹೊರೆಯೇ ಆದೀತು. ಬೇಳೆ, ಕಾಳು, ಹಾಲು, ಸೊಪ್ಪುಗಳಲ್ಲಿ ಆಕೆಗೂ ಸಮಪಾಲು ಇರಬೇಕು. ವಾರಕ್ಕೆ ಎರಡು ಸಲ ಅರ್ಧ ಗಂಟೆ ಯಾರೂ ಆಕೆಯನ್ನು ಕರೆಯಬಾರದು. ಆ ಹೊತ್ತಿನಲ್ಲಿ ಒಲೆಯ ಮೇಲಿನ ಹಾಲನ್ನು ಇನ್ನೊಬ್ಬರು ನೋಡಿಕೊಳ್ಳಲಿ. ಇಷ್ಟು ಅನುಕೂಲವಿಲ್ಲದ ಮನೆಯಲ್ಲಿ, ಹಣ ತೆತ್ತು ತಂದ ದಂಡವು ಮೂಲೆಯಲ್ಲಿ ತುಕ್ಕು ಹಿಡಿಯುವದು. ಹಾಗಾಗದಂತೆ ನೋಡಿಕೊಳ್ಳುವ ಹೊಣೆ ಮನೆಯ ಯಜಮಾನರದೂ ಹೌದು.