ಕಲ್ಕತ್ತೆಯಿಂದ ಬಂದ ಅಧ್ಯಾಪಕಿ

ಮೈಸೂರಿನ ದೇವರಾಜ ಮೊಹಲ್ಲಾದ ಬೀದಿಗಳಲ್ಲಿ ಪುಸ್ತಕಗಳನ್ನು ಹೊತ್ತು ನಡೆಯುವ ಹೆಣ್ಣುಮಕ್ಕಳನ್ನು ಇಂದು ಯಾರೂ ತಿರುಗಿ ನೋಡುವುದಿಲ್ಲ. ಅದು ಅಷ್ಟು ಸಹಜವಾದ ನೋಟ. ಆದರೆ 1895ರ ಸುಮಾರಿಗೆ ಪಾಠ ಹೇಳುವ ಕೆಲಸಕ್ಕೆಂದು ಇದೇ ಊರಿಗೆ ಕಲ್ಕತ್ತೆಯಿಂದ ಬಂದ ತರುಣಿಯನ್ನು ಸಮಾಜ ಹುಬ್ಬೇರಿಸಿ ನೋಡಿತು. ಅವರೇ ಸರಳಾದೇವಿ ಘೋಷಾಲ್.

ಅದು ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲ. ಪ್ರವಾಸಿ ಮಹಿಳೆ ಎಂದರೆ ಹಡಗೇರಿ ಬಂದು, ಕಂಡದ್ದನ್ನು ಗ್ರಂಥವಾಗಿ ಬರೆಯುವ ಆಂಗ್ಲ ಸ್ತ್ರೀ ಎಂದೇ ಭಾವನೆ. ಅವರ ಧೈರ್ಯವೂ ಸಣ್ಣದಲ್ಲ. ಕಾಶ್ಮೀರ, ಲಡಾಖ್‌ಗಳನ್ನು ಸುತ್ತಿದ ಇಸಾಬೆಲ್ಲಾ ಬರ್ಡ್ ಅವರನ್ನು ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1892ರಲ್ಲಿ ಸದಸ್ಯೆಯಾಗಿ ಸ್ವೀಕರಿಸಿತು. ಮರುವರ್ಷವೇ ಸ್ತ್ರೀಯರಿಗೆ ಬಾಗಿಲು ಮುಚ್ಚಿ, 1913ರವರೆಗೆ ತೆರೆಯಲಿಲ್ಲ! ಆದರೂ ಅಂಥವರ ಬೆನ್ನಿಗೆ ಒಂದು ಸಾಮ್ರಾಜ್ಯವಿತ್ತು. ನೋಡಲು ಬಂದವರ ಪ್ರಯಾಣಕ್ಕಿಂತ ದುಡಿಯಲು ಬಂದ ಸರಳಾದೇವಿಯವರ ಪ್ರಯಾಣವೇ ಹೆಚ್ಚು ಕಠಿನವಾದುದು.

ಅವರು ರವೀಂದ್ರನಾಥ ಠಾಕೂರರ ಸೋದರ ಸೊಸೆ. ಲೇಖಕಿ ಸ್ವರ್ಣಕುಮಾರಿದೇವಿಯವರ ಮಗಳು. ಬೆಥೂನ್ ಕಾಲೇಜಿನಲ್ಲಿ ಓದಿ 1890ರಲ್ಲಿ ಬಿ.ಎ. ಪದವಿ ಪಡೆದಿದ್ದರು. ಮನೆಯಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ, ಕೊರತೆಯಿದ್ದುದು ಸ್ವಾತಂತ್ರ್ಯಕ್ಕೆ. ಪುರುಷರಂತೆ ತಾವೂ ಸ್ವಂತ ದುಡಿಮೆಯಿಂದ ಬದುಕಬೇಕೆಂಬ ಹಟ ಅವರದು. ದೊಡ್ಡ ಮನೆತನದ ಹೆಸರು ಎಷ್ಟೋ ಬಾಗಿಲುಗಳನ್ನು ತೆರೆಯುತ್ತದೆ, ನಿಜ. ತನ್ನ ಮನೆಯ ಹೊಸ್ತಿಲನ್ನು ಮಾತ್ರ ಸುಲಭವಾಗಿ ದಾಟಗೊಡುವುದಿಲ್ಲ.

ಮೈಸೂರಿನಲ್ಲಿ ಅವರಿಗೆ ತಕ್ಕ ಸ್ಥಳವಿತ್ತು. ಅಂಬಳೆ ನರಸಿಂಹಯ್ಯಂಗಾರ್ಯರ ಪ್ರಯತ್ನದಿಂದ 1881ರಲ್ಲಿ ಆರಂಭವಾಗಿದ್ದ ಮಹಾರಾಣಿ ಬಾಲಿಕಾ ಪಾಠಶಾಲೆಗೆ ಅರಮನೆಯ ಆಶ್ರಯವಿತ್ತು. ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ ಬಳಿಕ ರಾಜ್ಯಭಾರವೂ ರಾಜಪ್ರತಿನಿಧಿಯಾಗಿ ವಾಣಿವಿಲಾಸ ಸನ್ನಿಧಾನದವರ ಕೈಯಲ್ಲಿತ್ತು. ಮಹಾರಾಣಿಯೊಬ್ಬರು ಆಳುತ್ತಿದ್ದ ನಾಡಿನಲ್ಲಿ ಪದವೀಧರೆಯೊಬ್ಬರು ಹೆಣ್ಣುಮಕ್ಕಳಿಗೆ ಪಾಠ ಹೇಳಿದರು.

ಆದರೆ ಅವರು ಇಲ್ಲಿ ಬಹುಕಾಲ ನಿಲ್ಲಲಿಲ್ಲ. ಒಂದು ರಾತ್ರಿ ಯುವಕನೊಬ್ಬ ಅವರ ಮನೆಗೆ ನುಗ್ಗಿದ. ಸುದ್ದಿ ಬಂಗಾಳವನ್ನು ಮುಟ್ಟಿದಾಗ ಪತ್ರಿಕೆಯೊಂದು, ಇಷ್ಟು ದೂರ ಹೋಗುವ ಅಗತ್ಯವೇನಿತ್ತೆಂದು ಅವರನ್ನೇ ಆಕ್ಷೇಪಿಸಿತು. ಗೋಡೆ ಹಾರಿದವನನ್ನು ಬಿಟ್ಟು, ಹೊಸ್ತಿಲು ದಾಟಿದವಳನ್ನು ದೂರುವ ಈ ನ್ಯಾಯ ಯಾವ ಕಾಲಕ್ಕೂ ಒಪ್ಪತಕ್ಕದ್ದಲ್ಲ. ಅವರು ಊರಿಗೆ ಮರಳಿದ್ದನ್ನು ಸೋಲೆಂದು ಎಣಿಸುವುದೂ ತಪ್ಪು. 1910ರಲ್ಲಿ ಅಲಹಾಬಾದಿನಲ್ಲಿ ಭಾರತ ಸ್ತ್ರೀ ಮಹಾಮಂಡಲವನ್ನು ಸ್ಥಾಪಿಸಿ, ಸ್ತ್ರೀಶಿಕ್ಷಣಕ್ಕಾಗಿ ದುಡಿದವರು ಇದೇ ಸರಳಾದೇವಿಯವರು.

ಮರಳುವಾಗ ಅವರು ಬರಿಗೈಯಲ್ಲಿ ಹೋಗಲಿಲ್ಲ. ಮೈಸೂರಿನಲ್ಲಿ ಕೇಳಿ ಕಲಿತ ಹಾಡುಗಳನ್ನು ಸೋದರಮಾವನ ಮುಂದೆ ಹಾಡಿದರು. ರವೀಂದ್ರರು ಆ ಮಟ್ಟುಗಳಿಗೆ ತಮ್ಮ ಮಾತುಗಳನ್ನು ಹೊಂದಿಸಿದರು. ‘ಆನಂದಲೋಕೇ’ ಎಂಬ ಗೀತೆ ಅವುಗಳಲ್ಲೊಂದು. ಬಂಗಾಳದ ಮನೆಮನೆಗಳಲ್ಲಿ ಅದನ್ನು ಇಂದಿಗೂ ಹಾಡುತ್ತಾರೆ.