ದಾರಿ ತೋರುವವರು ಬೇಕು

“ದೇಶ ಸುತ್ತು, ಕೋಶ ಓದು” ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಕೋಶವನ್ನು ಓದಬೇಕಾದರೆ ಅಕ್ಷರ ಕಲಿತಿರಬೇಕು. ಅದನ್ನು ಕಲಿಸಲು ಶಾಲೆಯಿದೆ, ಗುರುಗಳಿದ್ದಾರೆ. ದೇಶವನ್ನು ಸುತ್ತುವುದಕ್ಕೆ ಏನು ಕಲಿತಿರಬೇಕು? ಕಾಲಲ್ಲಿ ಬಲವೂ ಕೈಯಲ್ಲಿ ನಾಲ್ಕು ಕಾಸೂ ಇದ್ದರೆ ಸಾಕೆಂದು ಹೆಚ್ಚಿನವರು ಭಾವಿಸುತ್ತಾರೆ. ನೆಲಕ್ಕೂ ಒಂದು ಲಿಪಿಯುಂಟು, ಅದನ್ನು ಓದಿಸುವವರೂ ಬೇಕು ಎಂಬುದು ಅವರಿಗೆ ತೋಚುವುದಿಲ್ಲ. ನನಗೂ ಬಹುಕಾಲ ತೋಚಿರಲಿಲ್ಲ. ಈ ಮಾತು ಮನವರಿಕೆಯಾದದ್ದು ಯಾವುದೋ ದೂರದೇಶದಲ್ಲಲ್ಲ. ಕಲಬುರಗಿಯಿಂದ ಪೂರ್ವಕ್ಕೆ ಹೊರಡುವ ಸೇಡಂ ರಸ್ತೆಯಲ್ಲಿ.

ಈ ರಸ್ತೆ ನೋಡುವುದಕ್ಕೆ ಸಾಮಾನ್ಯವಾದ ರಸ್ತೆಯೇ. ನಗರವನ್ನು ದಾಟುತ್ತಿದ್ದಂತೆ 1980ರಲ್ಲಿ ಸ್ಥಾಪನೆಗೊಂಡ ವಿಶ್ವವಿದ್ಯಾಲಯದ ವಿಶಾಲವಾದ ಆವರಣವು ಎದುರಾಗುತ್ತದೆ. ಅದರ ಸಮೀಪದಲ್ಲೇ 2009ರಲ್ಲಿ ಉದ್ಘಾಟನೆಗೊಂಡ ಬುದ್ಧವಿಹಾರದ ಬಿಳಿಯ ಗುಮ್ಮಟವು ಬಿಸಿಲಿನಲ್ಲಿ ಹೊಳೆಯುತ್ತದೆ. ಮುಂದೆ ಹೋದರೆ 2019ರಲ್ಲಿ ಸಂಚಾರವನ್ನು ಆರಂಭಿಸಿದ ವಿಮಾನ ನಿಲ್ದಾಣ. ಆಮೇಲೆ ಕಣ್ಣು ಹಾಯುವಷ್ಟು ದೂರವೂ ತೊಗರಿಯ ಹೊಲಗಳು, ನಡುನಡುವೆ ಜೋಳ, ಅಲ್ಲಲ್ಲಿ ಬೇವಿನ ಮರ. ಸುಮಾರು ನಲವತ್ತು ಕಿಲೋಮೀಟರು ಸಾಗಿದರೆ ಕಾಗಿಣಾ ನದಿ. ಅದರ ದಂಡೆಯ ಮೇಲೆ ಮಳಖೇಡ. ಇನ್ನೂ ಮುಂದೆ ಸೇಡಂ. ಸಿಮೆಂಟು ಕಾರ್ಖಾನೆಗಳ ಚಿಮಣಿಗಳು ದೂರದಿಂದಲೇ ಕಾಣುತ್ತವೆ. ದಿನವೂ ಸಾವಿರಾರು ಜನರು ಈ ದಾರಿಯಲ್ಲಿ ಹೋಗಿ ಬರುತ್ತಾರೆ. ಅವರಲ್ಲಿ ಮಳಖೇಡದ ಬಳಿ ವಾಹನವನ್ನು ನಿಲ್ಲಿಸಿ ಕೆಳಗಿಳಿಯುವವರು ಎಷ್ಟು ಮಂದಿ?

ಹಲವು ವರ್ಷಗಳ ಹಿಂದೆ ನಾನು ಒಬ್ಬನೇ ಅಲ್ಲಿಗೆ ಹೋಗಿದ್ದೆ. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೇ ಇಂದಿನ ಮಳಖೇಡವೆಂದು ಪಾಠದ ಪುಸ್ತಕದಲ್ಲಿ ಓದಿದ್ದೆನಾದ್ದರಿಂದ ಮನಸ್ಸಿನಲ್ಲಿ ದೊಡ್ಡ ಚಿತ್ರವೊಂದಿತ್ತು. ಅಲ್ಲಿ ಕಂಡದ್ದು ಮುರಿದ ಗೋಡೆ, ಒಂದೆರಡು ಬುರುಜು, ಗೋಡೆಯ ನೆರಳಿನಲ್ಲಿ ಮಲಗಿದ್ದ ಮೇಕೆಗಳು, ಕಲ್ಲಿನ ಸಂದಿಯಲ್ಲಿ ಬೆಳೆದ ಮುಳ್ಳುಗಿಡ. ಅರ್ಧ ಗಂಟೆಯಲ್ಲಿ ಎಲ್ಲವನ್ನೂ ನೋಡಿ ಮುಗಿಸಿದೆ. “ಇಲ್ಲೇನಿದೆ?” ಎಂದು ಮನಸ್ಸಿನಲ್ಲೇ ಅಂದುಕೊಂಡು ಮುಂದಿನ ಬಸ್ಸನ್ನು ಹತ್ತಿದೆ. ಇಂದು ಆ ಮಾತನ್ನು ನೆನೆದರೆ ನಾಚಿಕೆಯಾಗುತ್ತದೆ. ಓದು ಬಾರದವನು ಪುಸ್ತಕವನ್ನು ತಿರುವಿ ಹಾಕಿ, ಇದರಲ್ಲಿ ಬರಿಯ ಕಪ್ಪು ಗೆರೆಗಳಿವೆ ಎಂದಂತೆ ಆಗಿತ್ತು ನನ್ನ ಸ್ಥಿತಿ.

ಎರಡನೆಯ ಸಲ ಹೋದದ್ದು ಬೇರೆಯ ರೀತಿಯಲ್ಲಿ. ನಾವು ಮೂವರು ಗೆಳೆಯರು ಒಂದು ದಿನಕ್ಕೆ ಬಾಡಿಗೆಯ ಕಾರು ಮಾಡಿಕೊಂಡೆವು. ಆ ಭಾಗದ ಊರುಗಳನ್ನೆಲ್ಲ ಬಲ್ಲ ನಿವೃತ್ತ ಮಾಸ್ತರರೊಬ್ಬರನ್ನು ನಮ್ಮ ಜೊತೆಗೆ ಬರಬೇಕೆಂದು ಬೇಡಿಕೊಂಡೆವು. ಅವರ ದಿನದ ಶ್ರಮಕ್ಕೆ ತಕ್ಕ ಸಂಭಾವನೆಯನ್ನು ಮೊದಲೇ ಮಾತನಾಡಿದ್ದೆವು. ಬೆಳಗಿನ ಆರು ಗಂಟೆಗೆ ಹೊರಟ ನಮ್ಮ ಪ್ರಯಾಣವು ಕೋಟೆಗೆ ತಲುಪುವ ಮೊದಲೇ ಪಾಠವಾಗಿ ಪರಿಣಮಿಸಿತು.

ದಾರಿಯ ನಡುವೆ ಮಾಸ್ತರರು ಕಾರನ್ನು ನಿಲ್ಲಿಸಿ ಎರಡು ಕಲ್ಲುಗಳನ್ನು ಆರಿಸಿ ನಮ್ಮ ಕೈಗಿತ್ತರು. ಒಂದು ಕಲಬುರಗಿಯ ಕಡೆಯ ಕಪ್ಪು ಕಲ್ಲು; ಇನ್ನೊಂದು ತೆಳುವಾದ ಪದರುಗಳುಳ್ಳ ಬೂದು ಬಣ್ಣದ ಸುಣ್ಣದ ಕಲ್ಲು. ಮೊದಲನೆಯದು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯ ಒಡಲಿನಿಂದ ಉಕ್ಕಿ ಹರಿದ ಲಾವಾರಸವು ಆರಿ ಆದದ್ದು. ಅದು ಸವೆದು ಉಂಟಾದ ಎರೆಮಣ್ಣೇ ತೊಗರಿಗೆ ತಾಯಿ. ಎರಡನೆಯದು ಅದಕ್ಕಿಂತಲೂ ಎಷ್ಟೋ ಪ್ರಾಚೀನವಾದದ್ದು. ಒಂದು ಕಾಲದಲ್ಲಿ ಇಲ್ಲಿದ್ದ ಕಡಲಿನ ತಳದಲ್ಲಿ ಪದರುಪದರಾಗಿ ಕೂಡಿ ಗಟ್ಟಿಯಾದದ್ದು. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದಿನ ಹಾಸುಗಲ್ಲು ಇದೇ. ಇದೇ ಕಲ್ಲನ್ನು ಕಾರ್ಖಾನೆಗಳು ಅರೆದು, ಸುಟ್ಟು ಸಿಮೆಂಟನ್ನು ಮಾಡುತ್ತವೆ. ಹೊಲದ ಬೆಳೆ, ಮನೆಯ ನೆಲ, ಊರಿನ ದುಡಿಮೆ ಎಲ್ಲವೂ ಈ ಎರಡು ಕಲ್ಲುಗಳಲ್ಲಿ ಅಡಗಿದ್ದವು. ಬಸ್ಸಿನ ಕಿಟಕಿಯಿಂದ ನೂರು ಸಲ ನೋಡಿದ್ದರೂ ಇದು ನಮಗೆ ತಿಳಿಯುತ್ತಿರಲಿಲ್ಲ.

ಮಳಖೇಡದಲ್ಲಿ ಅವರು ನಮ್ಮನ್ನು ನೇರವಾಗಿ ಕೋಟೆಯೊಳಕ್ಕೆ ಕರೆದೊಯ್ಯಲಿಲ್ಲ. ಮೊದಲು ಕಾಗಿಣಾ ನದಿಯ ದಂಡೆಯಲ್ಲಿ ನಿಲ್ಲಿಸಿ, ನೀರಿನ ಆಶ್ರಯವಿಲ್ಲದೆ ಯಾವ ರಾಜಧಾನಿಯೂ ಬಾಳಲಾರದೆಂದು ತೋರಿಸಿದರು. ಆಮೇಲೆ ಕೋಟೆ, ನೇಮಿನಾಥ ಬಸದಿ, ಯಾತ್ರಿಕರು ಭಕ್ತಿಯಿಂದ ಬಂದು ಹೋಗುವ ಉತ್ತರಾದಿ ಮಠ. ನಾವು ಹಿಂದೆ ಮುರಿದ ಗೋಡೆಯೆಂದು ಕಡೆಗಣಿಸಿದ್ದ ಜಾಗದಲ್ಲಿಯೇ ನಿಂತು ಅವರು ಒಂಬತ್ತನೆಯ ಶತಮಾನವನ್ನು ಬಿಡಿಸಿ ಇಟ್ಟರು. ಕ್ರಿ.ಶ. 814ರಲ್ಲಿ ಪಟ್ಟಕ್ಕೆ ಬಂದ ಅಮೋಘವರ್ಷ ನೃಪತುಂಗನು ಅರುವತ್ತಕ್ಕೂ ಹೆಚ್ಚು ವರ್ಷ ಆಳಿದನು. ನಮಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡ ಗ್ರಂಥವಾದ ‘ಕವಿರಾಜಮಾರ್ಗ’ವು ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಹಬ್ಬಿತ್ತೆಂದು ಹೇಳಿದ ಗ್ರಂಥ ಅದು. ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದ್ದೂ ಅದೇ ಅರಸನ ಕಾಲದಲ್ಲಿ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ನೀವು ಗಣಿತದ ತರಗತಿಯಲ್ಲಿ ಕೇಳುತ್ತೀರಲ್ಲವೆ? ಆ ಮಾತನ್ನು ಅವನು ಅಂದೇ ಬರೆದಿಟ್ಟಿದ್ದಾನೆ. ಸುಲೇಮಾನನೆಂಬ ವರ್ತಕನದೆಂದು ಹೇಳಲಾಗುವ, ಕ್ರಿ.ಶ. 851ರ ಅರಬ್ಬೀ ಬರವಣಿಗೆಯು ಲೋಕದ ನಾಲ್ವರು ಮಹಾರಾಜರನ್ನು ಹೆಸರಿಸುತ್ತದೆ: ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ರೂಮಿನ ಅರಸ, ನಾಲ್ಕನೆಯವನು ಬಲ್ಹರಾ. ಬಲ್ಹರಾ ಎಂದರೆ ವಲ್ಲಭರಾಜ, ಈ ರಾಷ್ಟ್ರಕೂಟರ ಅರಸ. ಮೇಕೆಗಳು ಮಲಗಿದ್ದ ಆ ನೆರಳಿನಲ್ಲಿ ನಿಂತು ಈ ಮಾತನ್ನು ಕೇಳಿದಾಗ ನಮ್ಮ ಮೈ ನವಿರೆದ್ದಿತು.

ಆದರೆ ಮಾಸ್ತರರ ಹಿರಿಮೆ ಇದ್ದದ್ದು ಹೇಳಿದ ಸಂಗತಿಗಳಲ್ಲಿ ಮಾತ್ರವಲ್ಲ, ಹೇಳಿದ ರೀತಿಯಲ್ಲಿ. ನಾಡಿಗೆ ಬಂದ ಕೇಡು ಕಳೆಯಲೆಂದು ಅಮೋಘವರ್ಷನು ತನ್ನ ಬೆರಳನ್ನೇ ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂಬ ಪ್ರಸಂಗವನ್ನು ವಿವರಿಸಿ, ಇದು ಕ್ರಿ.ಶ. 871ರ ಸಂಜಾನ್ ತಾಮ್ರಪಟದಲ್ಲಿದೆ ಎಂದರು. ಅಷ್ಟರಲ್ಲಿ ನಮ್ಮನ್ನು ಹಿಂಬಾಲಿಸುತ್ತಿದ್ದ ಹುಡುಗನೊಬ್ಬನು, ಕೋಟೆಯ ಕೆಳಗೆ ಬಹುದೂರ ಹೋಗುವ ಸುರಂಗವಿದೆಯೆಂದು ಕೂಗಿದನು. ಮಾಸ್ತರರು ನಕ್ಕು ನಮ್ಮ ಕಡೆಗೆ ತಿರುಗಿದರು. “ನೋಡ್ರಿ, ಅದು ತಾಮ್ರಪಟದಾಗ ಅದ; ಇದು ಮಂದಿ ಬಾಯಾಗ ಅದ. ಎರಡೂ ಕೇಳ್ರಿ. ಆದರ ಒಂದಕ್ಕೊಂದು ಕಲಸಬ್ಯಾಡ್ರಿ” ಎಂದರು. ಇಂದು ಕಾಣುವ ಗೋಡೆಯೆಲ್ಲವೂ ರಾಷ್ಟ್ರಕೂಟರು ಕಟ್ಟಿಸಿದ್ದಲ್ಲ, ಮುಂದಿನ ಕಾಲದವರ ಕೈಕೆಲಸವೂ ಅದರಲ್ಲಿ ಸೇರಿದೆ ಎಂಬುದನ್ನು ಹೇಳಲು ಸಹ ಅವರು ಹಿಂಜರಿಯಲಿಲ್ಲ. ಊರಿನ ಮೇಲಿನ ಅಭಿಮಾನಕ್ಕಾಗಿ ಸತ್ಯವನ್ನು ಉಬ್ಬಿಸಿ ಹೇಳುವ ಚಪಲ ಅವರಲ್ಲಿರಲಿಲ್ಲ.

ಒಂದು ದಿನದ ಮಟ್ಟಿಗೆ ವಾಹನವನ್ನೂ ದಾರಿ ಬಲ್ಲವರನ್ನೂ ಗೊತ್ತುಮಾಡಿಕೊಂಡು ಒಂದು ಪ್ರದೇಶವನ್ನು ನೋಡುವ ಪದ್ಧತಿಯು ಹೊರದೇಶಗಳಲ್ಲಿ ಬಹಳವಾಗಿ ಬೆಳೆದಿದೆ. ಐರ್ಲೆಂಡ್ ದ್ವೀಪದ ಕಡಲ ತೀರವು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ವಾಹನವನ್ನು ನಡೆಸುವವನೇ ಎಷ್ಟೋ ವೇಳೆ ಮಾರ್ಗದರ್ಶಿಯೂ ಆಗಿರುತ್ತಾನೆ. ಪಶ್ಚಿಮದಲ್ಲಿ ಇನ್ನೂರು ಮೀಟರಿಗೂ ಎತ್ತರವಾಗಿ ಕಡಲಿಗೆ ಎದೆಯೊಡ್ಡಿ ನಿಂತ ಮೋಹರ್ ಬಂಡೆಗಳನ್ನು ಬೆಳಿಗ್ಗೆ ಹೊರಟು ಸಂಜೆಗೆ ನೋಡಿ ಬರುವವರು ಅನೇಕರು. ಉತ್ತರದ ತೀರದಲ್ಲಿ ಸುಮಾರು ನಲವತ್ತು ಸಾವಿರ ಕಲ್ಲುಕಂಬಗಳು ಜೋಡಿಸಿಟ್ಟಂತೆ ನಿಂತಿರುವ ಸ್ಥಳವೊಂದಿದೆ. ‘ಜೈಂಟ್ಸ್ ಕಾಸ್‌ವೇ’, ಎಂದರೆ ದೈತ್ಯನ ದಾರಿ ಎಂದು ಅದಕ್ಕೆ ಹೆಸರು. ಫಿನ್ ಮೆಕೂಲ್ ಎಂಬ ದೈತ್ಯನು ಸ್ಕಾಟ್ಲೆಂಡಿನ ದೈತ್ಯನೊಡನೆ ಹೋರಾಡಲು ಕಡಲಿನಲ್ಲಿ ಕಟ್ಟಿದ ದಾರಿ ಅದು ಎನ್ನುತ್ತದೆ ಜನಪದ ಕಥೆ. ಸುಮಾರು ಆರು ಕೋಟಿ ವರ್ಷಗಳ ಹಿಂದೆ ಲಾವಾರಸವು ತಣ್ಣಗಾಗುತ್ತ ಬಿರಿದು ಆ ಕಂಬಗಳಾದವು ಎನ್ನುತ್ತದೆ ಭೂವಿಜ್ಞಾನ. ಎರಡನ್ನೂ ಹೇಳಿ, ಯಾವುದು ಕಥೆ, ಯಾವುದು ವಿಜ್ಞಾನ ಎಂದು ಬೇರ್ಪಡಿಸಿ ತೋರಿಸುವವನೇ ಅಲ್ಲಿಯೂ ಉತ್ತಮ ಮಾರ್ಗದರ್ಶಿ. ಅಲ್ಲಿನ ಕಂಬಗಳಿಗೂ ನಮ್ಮ ಕಲಬುರಗಿಯ ಕಪ್ಪು ಕಲ್ಲಿಗೂ ಹುಟ್ಟಿನ ರೀತಿ ಒಂದೇ. ಅಲ್ಲಿ ಅದನ್ನು ನೋಡಲು ಲೋಕವೇ ಬರುತ್ತದೆ. ಇಲ್ಲಿ ನಾವು ಅದರ ಮೇಲೆಯೇ ನಡೆಯುತ್ತಿದ್ದರೂ ಕೆಳಗೆ ನೋಡುವುದಿಲ್ಲ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಪುಸ್ತಕಗಳಿವೆ, ಕೈಯಲ್ಲಿ ಫೋನಿದೆ, ಬೇಕಾದ ವಿಷಯವನ್ನು ಕ್ಷಣದಲ್ಲಿ ತಿಳಿಯಬಹುದು. ದುಡ್ಡು ಕೊಟ್ಟು ಒಬ್ಬರನ್ನು ಕರೆದೊಯ್ಯುವುದೇಕೆ ಎಂದು ಕೇಳುವವರುಂಟು. ನಾವು ಕೇಳಿದ ಪ್ರಶ್ನೆಗೆ ಫೋನು ಉತ್ತರ ಕೊಟ್ಟೀತು. ಯಾವ ಪ್ರಶ್ನೆಯನ್ನು ಕೇಳಬೇಕೆಂಬುದನ್ನು ಅದು ಹೇಳದು. ಆ ಎರಡು ಕಲ್ಲುಗಳನ್ನು ನಮ್ಮ ಕೈಯಲ್ಲಿಟ್ಟಾಗಲೇ ನಮ್ಮಲ್ಲಿ ಪ್ರಶ್ನೆ ಹುಟ್ಟಿತು. ಮಾರ್ಗದರ್ಶಿಗಳು ಬಾಯಿಗೆ ಬಂದದ್ದನ್ನು ಹೇಳುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಇದು ಸುಳ್ಳಲ್ಲ. ಬೇರೊಂದು ಊರಿನಲ್ಲಿ ನಾನೂ ಅಂಥವರ ಕೈಗೆ ಸಿಕ್ಕಿ, ಒಂದೇ ಗುಡಿಗೆ ಒಂದೇ ದಿನ ಮೂರು ಬಗೆಯ ಕಾಲವನ್ನು ಕೇಳಿದ್ದೇನೆ. ಆದರೆ ಕೆಟ್ಟ ವೈದ್ಯನಿದ್ದಾನೆಂದು ವೈದ್ಯವೇ ಬೇಡವೆನ್ನುತ್ತೇವೆಯೆ? ಒಳ್ಳೆಯ ವೈದ್ಯರನ್ನು ತಯಾರು ಮಾಡುತ್ತೇವೆ. ಇಲ್ಲಿಯೂ ಬೇಕಾದದ್ದು ಅದೇ.

ಮೂರನೆಯ ಆಕ್ಷೇಪವು ಹೆಚ್ಚು ಗಂಭೀರವಾದದ್ದು. ಬಾಡಿಗೆಯ ಕಾರು, ಸಂಭಾವನೆ ಪಡೆಯುವ ಮಾರ್ಗದರ್ಶಿ ಇವೆಲ್ಲ ಉಳ್ಳವರಿಗೆ ಒದಗುವ ಸೌಲಭ್ಯಗಳು. ಬಡವರ ಮಕ್ಕಳ ಗತಿಯೇನು? ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಮಳಖೇಡದ ಕಥೆಯನ್ನು ಕೇಳುವ ಹಕ್ಕು ಕಾರಿನಲ್ಲಿ ಬಂದವರಿಗೆ ಮಾತ್ರ ಸೇರಿದ್ದಲ್ಲ. ಕೋಟೆಯ ಪಕ್ಕದಲ್ಲೇ ಹುಟ್ಟಿ ಬೆಳೆದ, ಅಂದು ಸುರಂಗದ ಮಾತನ್ನು ಕೂಗಿದ ಆ ಹುಡುಗನಿಗೆ ಅದು ಎಲ್ಲರಿಗಿಂತ ಮೊದಲು ಸಲ್ಲಬೇಕು. ಅವನಿಗೆ ಸುರಂಗದ ಮಾತನ್ನು ಹೇಳಿದವರಿದ್ದರು. ತಾಮ್ರಪಟದ ಮಾತನ್ನು ಹೇಳಿದವರು ಇರಲಿಲ್ಲ. ಇದು ಅವನ ತಪ್ಪಲ್ಲ, ನಮ್ಮ ತಪ್ಪು.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. ಇಂಥ ಸ್ಥಳಗಳ ಸುತ್ತಲಿನ ಊರುಗಳ ತರುಣ ತರುಣಿಯರಿಗೆ ಇತಿಹಾಸ, ಶಾಸನ, ನೆಲ, ಬೆಳೆ ಇವುಗಳ ವಿಷಯದಲ್ಲಿ ಶಿಕ್ಷಣವನ್ನು ಕೊಟ್ಟು ಮಾರ್ಗದರ್ಶಿಗಳನ್ನಾಗಿ ಮಾಡಬೇಕು. ಕಲಿಸಲು ಶಕ್ತವಾದ ವಿಶ್ವವಿದ್ಯಾಲಯವು ಇದೇ ರಸ್ತೆಯ ಮೇಲಿದೆ. ದೂರದಿಂದ ಬಂದವರು ಅವರಿಗೆ ನ್ಯಾಯವಾದ ಸಂಭಾವನೆಯನ್ನು ಕೊಡಲಿ. ಶಾಲೆಯ ಮಕ್ಕಳು ಪ್ರವಾಸ ಬಂದ ದಿನ ಅವರಿಂದ ಕಾಸನ್ನೂ ಪಡೆಯದೆ ತೋರಿಸುವ ಏರ್ಪಾಡಾಗಲಿ. ಹೀಗಾದರೆ ವಿದ್ಯೆ ಕಲಿತವರು ಉದ್ಯೋಗಕ್ಕಾಗಿ ಊರನ್ನು ಬಿಟ್ಟು ಹೋಗುವುದೂ ಒಂದಿಷ್ಟು ತಪ್ಪೀತು. ಕಾವಲಿಲ್ಲದ ಗೋಡೆಗೆ ಕಾವಲುಗಾರರೂ ದೊರೆತಾರು. ಕಲ್ಲಿನ ಬೆಲೆಯನ್ನು ಅರಿತವನು ಅದನ್ನು ಕಿತ್ತು ಮನೆಯ ಕಟ್ಟೆಗೆ ಹಾಕುವುದಿಲ್ಲ. ತಂತಿಬೇಲಿಗಿಂತಲೂ ತಿಳಿವಳಿಕೆಯ ಬೇಲಿಯೇ ಗಟ್ಟಿಯಾದದ್ದು.

ಕ್ರಿ.ಶ. 972ರಲ್ಲಿ ಮಾಳವದ ಪರಮಾರ ಅರಸ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಅಲ್ಲಿ ನೆಲೆಸಿ ಅಪಭ್ರಂಶ ಭಾಷೆಯಲ್ಲಿ ಕಾವ್ಯ ರಚಿಸಿದ್ದ ಪುಷ್ಪದಂತ ಕವಿಯು, ನಗರವು ಸುಟ್ಟುಹೋಯಿತು, ತಾನಿನ್ನು ಎಲ್ಲಿ ವಾಸಮಾಡಲಿ ಎಂದು ಹಲುಬಿದನು. ಒಂದು ನಗರವು ಶತ್ರುವಿನ ಬೆಂಕಿಯಿಂದ ಹಾಳಾಗುವುದು ಒಮ್ಮೆ. ಅದರ ಕಥೆಯನ್ನು ಹೇಳುವವರು ಇಲ್ಲದೆ ಹೋದರೆ ಅದು ದಿನವೂ ಹಾಳಾಗುತ್ತದೆ. ಮೊದಲನೆಯದನ್ನು ತಪ್ಪಿಸುವುದು ನಮ್ಮ ಕೈಯಲ್ಲಿರಲಿಲ್ಲ. ಎರಡನೆಯದನ್ನು ತಪ್ಪಿಸುವುದು ನಮ್ಮ ಕೈಯಲ್ಲಿದೆ.

ವಿದ್ಯಾರ್ಥಿಗಳೇ, ನಿಮ್ಮ ಊರಿನ ಬಳಿಯೂ ಒಂದು ಹಾಳು ಗೋಡೆಯೋ, ಹಳೆಯ ಬಾವಿಯೋ, ಅಕ್ಷರ ಸವೆದ ಕಲ್ಲೋ ಇದ್ದೇ ಇದ್ದೀತು. ಅದರ ವಿಷಯವನ್ನು ನಿಮ್ಮ ಮನೆಯ ಹಿರಿಯರಿಂದ ಕೇಳಿರಿ, ಗ್ರಂಥಾಲಯದಲ್ಲಿ ಹುಡುಕಿರಿ, ಗುರುಗಳೊಡನೆ ಚರ್ಚಿಸಿರಿ. ಜನರ ಬಾಯಲ್ಲಿ ಇರುವುದನ್ನೂ ಶಾಸನದಲ್ಲಿ ಇರುವುದನ್ನೂ ಬೇರೆ ಬೇರೆಯಾಗಿ ಬರೆದಿಡಿರಿ. ಮುಂದೊಂದು ದಿನ ಯಾರಾದರೂ ಅಪರಿಚಿತರು ನಿಮ್ಮ ಊರಿಗೆ ಬಂದು “ಇಲ್ಲೇನಿದೆ?” ಎಂದು ಕೇಳಿದಾಗ, ಅವರ ಮುಂದೆ ನಡೆದು ದಾರಿ ತೋರಿಸಲು ನೀವು ಸಿದ್ಧರಾಗಿರಬೇಕು.