ಸಂಶೋಧನೆಯಲ್ಲಿ ಯಾರ ಕೆಲಸ ಯಾವುದು ಎಂದು ಅಚ್ಚು ಹಾಕಬೇಕೆ?

ಪರ

ಶ್ರೀರಂಗಪಟ್ಟಣ ತಾಲ್ಲೂಕಿನ ಶಾಸನಗಳು 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟದಲ್ಲಿ ಅಚ್ಚಾದವು. ಕೃಷ್ಣರಾಜಪೇಟೆ, ನಾಗಮಂಗಲದವು 1898ರ ನಾಲ್ಕನೆಯ ಸಂಪುಟದಲ್ಲಿ ಬಂದವು. ಎರಡರ ಶೀರ್ಷಿಕೆ ಪುಟದಲ್ಲೂ ಇರುವುದು ಬಿ.ಎಲ್. ರೈಸ್ ಎಂಬ ಒಂದೇ ಹೆಸರು. ರೈಸ್ ಅವರ ಋಣ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲ್ಲಿನ ಬರಹವೊಂದು ಪುಸ್ತಕದ ಪುಟ ಸೇರುವ ದಾರಿಯನ್ನು ನೋಡಿ. ಹೊಲದ ಬದುವಿನಲ್ಲೋ ಗುಡಿಯ ಹಿಂದೋ ಒಂದು ಕಲ್ಲಿದೆ ಎಂದು ಊರಿನವರು ತೋರಿಸಬೇಕು. ಅದಕ್ಕೆ ಮೆತ್ತಿದ ಸುಣ್ಣ, ಪಾಚಿ ಕೆರೆದು ತೊಳೆಯಬೇಕು. ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗುಳಿಗೆ ಇಳಿಸಿ, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯಬೇಕು. ಆಮೇಲೆ ಹಳಗನ್ನಡ, ಸಂಸ್ಕೃತ ಬಲ್ಲವರು ಸಾಲು ಸಾಲಾಗಿ ಓದಬೇಕು. ಕಾಗದ ಸರಿಯಾಗಿ ಕೂರದಿದ್ದರೆ ಒಂದು ಒತ್ತಕ್ಷರ ಹಾರಿಹೋಗುತ್ತದೆ, ಅದರ ಜೊತೆಗೆ ಒಬ್ಬ ದಾನಿಯ ಹೆಸರೋ ಶಕವರ್ಷವೋ ಹೋಗಬಹುದು. ಮೈಸೂರು ವಿಶ್ವವಿದ್ಯಾನಿಲಯ ಈ ಸಂಪುಟಗಳನ್ನು ಪರಿಷ್ಕರಿಸಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆಯ ಶಾಸನಗಳನ್ನು 1977ರಲ್ಲಿ, ನಾಗಮಂಗಲದವನ್ನು 1979ರಲ್ಲಿ ಮತ್ತೆ ಹೊರತಂದಿತು. ಹೀಗೆ ಹಳೆಯ ಪಾಠವನ್ನು ತಿದ್ದಲು ಕೂತವರಿಗೆ, ತಪ್ಪು ಕಲ್ಲಿನ ಬಳಿ ಆಯಿತೋ ಓದುವ ಮೇಜಿನ ಮೇಲೆ ಆಯಿತೋ ತಿಳಿಯಬೇಕು. ಹಾಗಾಗಿ ಹೆಸರು ಹೇಳುವುದು ಗೌರವ ಸಲ್ಲಿಸುವುದಷ್ಟೇ ಅಲ್ಲ, ಸತ್ಯವನ್ನು ಒರೆಗೆ ಹಚ್ಚುವ ಸಾಧನವೂ ಹೌದು.

ಈ ಪದ್ಧತಿ ನಮಗೆ ಹೊರಗಿನದೂ ಅಲ್ಲ. ನಾಗಮಂಗಲ ತಾಲ್ಲೂಕಿನ ದೇವರಹಳ್ಳಿಯ ತಾಮ್ರಪಟಗಳು ಗಂಗರ ಶ್ರೀಪುರುಷನ ಕಾಲದವು, ಕ್ರಿ.ಶ. 776ರವು. ದಾನ ಕೊಟ್ಟವನು ರಾಜ, ಆದರೆ ಶಾಸನವನ್ನು ಬರೆದವನು ವಿಶ್ವಕರ್ಮಾಚಾರ್ಯ ಎಂದು ಕೊನೆಯಲ್ಲಿ ಬೇರೆಯಾಗಿಯೇ ಹೇಳಿದೆ. ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಗುಡಿ ಹಲವು ಕೈಗಳ ಕೆಲಸ. ಅಲ್ಲಿಯೂ ರೂವಾರಿ ಮಲ್ಲಿತಮ್ಮನ ಹೆಸರು ಉಳಿದಿದೆ. ಕಲ್ಲು, ತಾಮ್ರದ ಮೇಲೆ ಸಿಕ್ಕ ಜಾಗ ಈಗಿನ ಸಂಶೋಧನ ಪತ್ರಿಕೆಯ ಪುಟದ ಮೇಲೆ ಸಿಗಬಾರದೇಕೆ?

ಹೇಳದೆ ಬಿಟ್ಟರೆ ಆ ಜಾಗ ಖಾಲಿ ಉಳಿಯುವುದಿಲ್ಲ, ಅಂದಾಜು ಬಂದು ಕೂರುತ್ತದೆ. ಅಧ್ಯಾಪಕರ ಪ್ರಬಂಧಗಳಿಗೆ ಅಂಕ ಲೆಕ್ಕ ಹಾಕುವ ಯುಜಿಸಿಯ 2018ರ ನಿಯಮಾವಳಿ ನೋಡಿ: ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲ ಅಥವಾ ಮುಖ್ಯ ಲೇಖಕರಿಗೆ ಪ್ರಬಂಧದ ಅಂಕದಲ್ಲಿ ಶೇ 70, ಉಳಿದ ಪ್ರತಿಯೊಬ್ಬರಿಗೂ ಶೇ 30. ವರ್ಷವಿಡೀ ಗದ್ದೆಯಲ್ಲಿ ನಿಂತು ಅಳತೆ ತೆಗೆದವರಿಗೂ ಕರಡನ್ನು ಒಮ್ಮೆ ಓದಿದವರಿಗೂ ಅದೇ ಮೂವತ್ತು. ಮಂಡ್ಯ ಸೀಮೆಯ ಇನ್ನೊಂದು ನಿದರ್ಶನವಿದೆ. ನಾಲೆ ನೀರು ಬಂದ ಹಳ್ಳಿ, ಬಾರದ ಹಳ್ಳಿ ಎರಡನ್ನೂ ಅಭ್ಯಾಸ ಮಾಡಿ ಸ್ಕಾರ್ಲೆಟ್ ಎಪ್‌ಸ್ಟೈನ್ 1962ರಲ್ಲಿ ತಂದ ಪುಸ್ತಕದ ಮೇಲೆ ಅವರೊಬ್ಬರದೇ ಹೆಸರಿತ್ತು. ಅವೇ ಹಳ್ಳಿಗಳ ಬಗ್ಗೆ 1998ರಲ್ಲಿ ಬಂದ ‘ವಿಲೇಜ್ ವಾಯ್ಸಸ್’ ಮೇಲೆ ಎ.ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ ಅವರ ಹೆಸರುಗಳೂ ಇವೆ. ಇದರಿಂದ ಎಪ್‌ಸ್ಟೈನ್ ಸಣ್ಣವರಾಗಲಿಲ್ಲ.

ವಿರೋಧ

ಎದುರು ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸವೆದ ಅಕ್ಷರವೊಂದರ ಮುಂದೆ ಮೂವರು ಕೂತು, ಒಬ್ಬರು ಊಹಿಸಿ, ಇನ್ನೊಬ್ಬರು ಅಲ್ಲಗಳೆದು, ಮೂರನೆಯವರು ಛಂದಸ್ಸು ಹಿಡಿದು ಸರಿಪಡಿಸಿದಾಗ ಆ ಓದು ಯಾರದು? ಕೂಡಿ ಯೋಚಿಸಿದ್ದನ್ನು ಪಾಲು ಮಾಡಹೊರಟರೆ ಕೂಡಿ ಯೋಚಿಸುವುದೇ ನಿಂತೀತು. ಮಾತು ನಿಜ. ಆದರೆ ಕೇಳುತ್ತಿರುವುದು ಶೇಕಡಾವಾರು ಹಂಚಿಕೆಯಲ್ಲ, ಮಾಡಿದ ಕೆಲಸದ ಹೆಸರು. ಮೂವರೂ ಓದಿದ್ದರೆ ಮೂವರೂ ಓದಿದರು ಎಂದೇ ಬರೆಯಲಿ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಯಾರು ಯಾವ ಕೆಲಸ ಮಾಡಿದರು ಎಂಬ ಪಟ್ಟಿಯನ್ನು ಬರೆಯುವವರು ಯಾರು? ಗೈಡ್. ಹೆಸರಿನ ಸಾಲಿನಲ್ಲಿ ನಡೆಯುವ ದಬ್ಬಾಳಿಕೆ ಕೆಲಸದ ಪಟ್ಟಿಯಲ್ಲೂ ನಡೆಯುತ್ತದೆ. ಒಂದು ದಿನವೂ ಬಿಸಿಲಿಗೆ ಬಾರದವರು ‘ಯೋಜನೆಯ ಪರಿಕಲ್ಪನೆ’ ಎಂಬ ಘನವಾದ ಮಾತಿನಡಿ ಕೂರುತ್ತಾರೆ. ಪಟ್ಟಿಯಿಂದ ಸುಳ್ಳು ನಿಲ್ಲುತ್ತದೆ ಎಂದು ನಾನೂ ನಂಬುವುದಿಲ್ಲ. ಆದರೆ ಬರಿಯ ಹೆಸರನ್ನು ಪ್ರಶ್ನಿಸುವುದು ಕಷ್ಟ. ‘ಕ್ಷೇತ್ರಕಾರ್ಯ ಮಾಡಿದರು’ ಎಂಬ ಅಚ್ಚಾದ ಸಾಲನ್ನು ಪ್ರಶ್ನಿಸಬಹುದು, ಅದರಲ್ಲೂ ಕಳಿಸುವ ಮೊದಲು ಎಲ್ಲರೂ ಸಹಿ ಹಾಕಿದ್ದರೆ. ತಮ್ಮ ಪಾಲಿಗಷ್ಟೇ ಹೊಣೆ ಎಂದು ಜಾರಿಕೊಳ್ಳುವವರಿಗೆ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಆಗಲೇ ಉತ್ತರ ಕೊಟ್ಟಿದೆ: ಅದು ಲೇಖಕರಿಗೆ ಇಟ್ಟ ನಾಲ್ಕು ಷರತ್ತುಗಳಲ್ಲಿ ಕೊನೆಯದು ಇಡೀ ಪ್ರಬಂಧಕ್ಕೆ ಉತ್ತರ ಕೊಡುವ ಹೊಣೆ.

ವಿರೋಧಿಗಳ ಮಾತನ್ನು ನಾನು ಪೂರ್ತಿ ಒಪ್ಪುವುದು ಎರಡು ವಿಷಯದಲ್ಲಿ. ಮೊದಲನೆಯದು ಅಂಕದ ಹುಚ್ಚು. ಈ ಪಟ್ಟಿ ಬಡ್ತಿಯ ಲೆಕ್ಕಕ್ಕೆ ಸೇರಿದ ದಿನವೇ ಕೆಡುತ್ತದೆ, ಅದನ್ನು ದೂರವಿಡಲೇಬೇಕು. ಎರಡನೆಯದು ಅಳವಡಿಕೆ. ಸಂಶೋಧನೆಯಲ್ಲಿ ಯಾರ ಪಾತ್ರ ಯಾವುದು ಎಂದು ಹೆಸರಿಸುವ, 2022ರಲ್ಲಿ ಅಮೆರಿಕದ ಮಾನಕವಾದ ‘ಕ್ರೆಡಿಟ್’ ಪಟ್ಟಿಯಲ್ಲಿ ಹದಿನಾಲ್ಕು ಪಾತ್ರಗಳಿವೆ. ಕಲ್ಲು ತೋರಿಸಿದ ರೈತನಿಗೆ ಅದರಲ್ಲಿ ಮನೆಯಿಲ್ಲ. ಹಾಗೆಂದು ಪಟ್ಟಿಯೇ ಬೇಡ ಎನ್ನಲಾಗದು, ನಮ್ಮ ಕೆಲಸಕ್ಕೆ ಹೊಂದುವ ಪಟ್ಟಿಯನ್ನು ನಾವೇ ಮಾಡಿಕೊಳ್ಳಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಇನ್ನು ಮುಂದೆ ಸಿಗುವ ಶಾಸನಗಳನ್ನು ಅಚ್ಚು ಹಾಕುವವರು ಪ್ರತಿ ಪಾಠದ ಕೆಳಗೆ ಕಲ್ಲು ತೋರಿಸಿದವರ, ಪಡಿಯಚ್ಚು ತೆಗೆದವರ, ಓದಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಹಾಕಲಿ. ಅದಕ್ಕೆ ಬೇಕಾದದ್ದು ಎರಡು ಸಾಲಿನ ಜಾಗ ಮಾತ್ರ.